ಗೀರು ಬೀಳದ ಮಿಂಚುಮರಿ

ರಾತ್ರಿ ಬಾಗಿಲು ಬಡಿದ ಸದ್ದು.

ಅವಳು ಚಿಲಕ ತೆಗೆದಾಗ ಹೊಸ್ತಿಲಾಚೆ ನಿಂತಿದ್ದವನು ಕೆರೆಯ ತೂಬಿನ ಕಾವಲುಗಾರ. ಊರಿಗೆಲ್ಲ ಅವನು ತೂಬಿನ ತಾತ. ಕಂಕುಳಲ್ಲಿದ್ದ ಕ್ಯಾನ್ವಾಸ್ ಚೀಲವನ್ನು ಅವಳ ಕೈಗಿತ್ತ. ಏನೋ ಹೇಳಲು ಬಾಯಿ ತೆರೆದವನು ಒಳಕೋಣೆಯ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು, ಬಂದ ದಾರಿಯಲ್ಲೇ ಕತ್ತಲಿಗೆ ಇಳಿದುಹೋದ.

“ಯಾರೇ ಅದು?” ಒಳಗಿನಿಂದ ಗಂಡನ ದನಿ.

“ಯಾರಿಗೋ ಮನೆ ತಪ್ಪಿತ್ತು.”

ಚೀಲ ಅಪ್ಪನದು. ಅಪ್ಪ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಮಂಚದ ಕೆಳಗೆ ಅವಳು ಬಟ್ಟೆಯ ಗಂಟೊಂದನ್ನು ಕಟ್ಟಿಟ್ಟಿದ್ದಳು. ಬೆಳಗಾದರೆ ಈ ಮನೆ ಬಿಟ್ಟು, ಅಪ್ಪನ ಅಂಗಡಿಯ ಮೇಲಿನ ಕೋಣೆಗೆ ಹೋಗಿಬಿಡುವುದೆಂದು ನಿರ್ಧಾರವಾಗಿತ್ತು. ಒಂದೇ ಸೂರಿನಡಿ ಇದ್ದ ಅವಳ ಅಪ್ಪನನ್ನು ಒಂದು ಮಾತೂ ಆಡದೆ ಸಾಯಲು ಬಿಟ್ಟ ಗಂಡನ ಮುಖ ನೋಡುವುದು ಅವಳಿಂದ ಇನ್ನಾಗದು.

ಜಗಳ ಹುಟ್ಟಿದ್ದು ಹುಳುವಿನ ಬದಲು ಗಾಳದ ದಾರಕ್ಕೆ ಕಟ್ಟುವ ಒಂದು ಪ್ಲಾಸ್ಟಿಕ್ ಮೀನಿನಿಂದ. ಅದರ ಹೆಸರು ಮಿಂಚುಮರಿ. ಟೀವಿಯಲ್ಲಿ, ಬಸ್ಸಿನ ಬೆನ್ನ ಮೇಲೆ, ಕ್ಷೌರದಂಗಡಿಯ ಕನ್ನಡಿಯ ಪಕ್ಕದಲ್ಲಿ, ಎಲ್ಲೆಲ್ಲೂ ಅದರದೇ ಜಾಹೀರಾತು: “ಎರೆಹುಳು ಬೇಡ, ಎಸೆದರೆ ಸಾಕು!” ಅದರ ಡಬ್ಬಿಗಳು ಅಚ್ಚಾಗುತ್ತಿದ್ದುದು ಗಂಡ ಕೆಲಸ ಮಾಡುವ ಅಚ್ಚುಕೂಟದಲ್ಲಿ. ಅಪ್ಪನದು ಗಾಳ, ದಾರ, ಬೆತ್ತ ಮಾರುವ ಅಂಗಡಿ. ಒಂದು ರಾತ್ರಿ ಊಟಕ್ಕೆ ಕೂತಾಗ ಗಂಡ ಸುಮ್ಮನಿರಲಾರದೆ ಕೇಳಿದ್ದ:

“ಮಿಂಚುಮರಿ ಯಾಕಿಟ್ಟಿಲ್ಲ ಮಾವ? ದಿನಾ ಜನ ಬಂದು ಕೇಳ್ತಾರಂತೆ.”

“ಕೇಳೋದು ಜನ ತಾನೆ, ಮೀನಲ್ವಲ್ಲ! ಅದು ನೀರಲ್ಲಿ ಅಡ್ಡಡ್ಡ ಮಲ್ಕೊಂಡು ಈಜುತ್ತೆ ಕಣಯ್ಯ. ಅದನ್ನ ನಂಬ್ಬೇಕು ಅಂದ್ರೆ ಮೀನು ನಿನ್ನ ಡಬ್ಬಿ ಓದಿರ್ಬೇಕು.”

“ಹೊಟ್ಟೆಪಾಡಿಗೆ ಅಚ್ಚು ಹಾಕ್ತೀನಿ ಮಾವ.”

“ಸುಳ್ಳಿಗೆ ಬಣ್ಣ ಬಳೀತೀನಿ ಅನ್ನು.”

“ನಿಮಗೆ ವಯಸ್ಸಾಯ್ತು ಬಿಡಿ. ಕೆರೆ ಮೀನೆಲ್ಲ ನಿಮ್ಮನ್ನ ನೋಡಿ ನಗ್ತಿರ್ಬೇಕು.”

ಅಪ್ಪ ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಇಬ್ಬರ ನಡುವೆ ಮಾತು ಸತ್ತಿತು. ಉಪ್ಪಿನ ಡಬ್ಬಿ ಬೇಕಾದರೂ ಅವಳ ಮೂಲಕವೇ ದಾಟಬೇಕು.

ಮರುವರ್ಷ ಅಪ್ಪನ ಬಲಗೈಗೆ ಲಕ್ವ ಹೊಡೆಯಿತು. ಗಾಳಕ್ಕೆ ಹುಳು ಸಿಕ್ಕಿಸಲು ಬೆರಳುಗಳು ಮಾತು ಕೇಳಲಿಲ್ಲ. ಎಷ್ಟೋ ದಿನ ಗೋಡೆ ನೋಡುತ್ತ ಕೂತವನು, ಕೊನೆಗೆ ನಾಚಿಕೆ ನುಂಗಿಕೊಂಡು, ಬೇರೆ ಅಂಗಡಿಯಿಂದ ಒಂದು ಮಿಂಚುಮರಿ ತರಿಸಿದ. ಮನೆಯ ಹಿಂದೆಯೇ ಕೆರೆ. ಕೋಲೂರಿಕೊಂಡು ತೂಬಿನ ಕಟ್ಟೆಯವರೆಗೆ ಹೋಗಿ ಕೂತ.

ಆಶ್ಚರ್ಯವೆಂದರೆ, ಮೀನು ಬಿತ್ತು! ಆ ವಾರವೂ ಬಿತ್ತು, ಮುಂದಿನ ವಾರವೂ ಬಿತ್ತು. ಅವಳು ಅಂಗಡಿಯಲ್ಲೇ ಬೆಳೆದವಳು. ಸುಲಭಕ್ಕೆ ನಂಬುವ ಪೈಕಿಯಲ್ಲ. ಪ್ರತಿ ಮೀನಿನ ತುಟಿ ಎತ್ತಿ ನೋಡಿದಳು. ಗಾಳ ಚುಚ್ಚಿದ ಗಾಯ ಇದ್ದೇ ಇತ್ತು. ಸೋತೆನೆಂದು ಒಪ್ಪಿಕೊಂಡು, ಮಿಂಚುಮರಿಗಳನ್ನು ತರಿಸಿ ಅಂಗಡಿಯ ಮುಂದೆಯೇ ತೂಗುಹಾಕಿದಳು. “ನಮ್ಮಪ್ಪನೇ ಹಿಡ್ದಿದ್ದಾರೆ, ಧೈರ್ಯವಾಗಿ ತಗೊಳ್ಳಿ,” ಎಂದು ಗಿರಾಕಿಗಳಿಗೆ ಹೇಳಿದಳು.

ಹಾಸಿಗೆ ಹಿಡಿದ ಮೇಲೆ ಅಪ್ಪ ಹೇಳಿದ್ದ: “ಡಬ್ಬಿ ಮೇಲೆ ಬರ್ದಿರೋದು ಸುಳ್ಳಲ್ಲ ಅಂತ ನಿನ್ನ ಗಂಡನಿಗೆ ಹೇಳಮ್ಮ.”

ಅವಳು ಓಡಿಹೋಗಿ ಹೇಳಿದಳು. ಗಂಡ ಕೈಯ ಮಸಿ ತೊಳೆಯುತ್ತಿದ್ದ. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದನೇ ಹೊರತು ತಿರುಗಿ ನೋಡಲಿಲ್ಲ. ಎಂಥ ಸೊಕ್ಕು! ಗೆದ್ದವನಿಗೆ ಒಂದು ಮಾತು ಭಾರವಾಯಿತೇ?

ಈಗ ಅಡುಗೆಮನೆಯ ದೀಪದಡಿ ಅವಳು ಚೀಲ ಬಿಚ್ಚಿದಳು. ಒಳಗೆ ಫ್ಲಾಸ್ಕು, ಒಂದು ಲೋಟ, ಮಿಂಚುಮರಿ. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

ಒಂದು ಗೀರಿಲ್ಲ. ಮೀನು ಕಚ್ಚಿದರೆ ಹಲ್ಲು ತಾಗಿ ಬಣ್ಣ ಏಳಬೇಕು, ಹೊಟ್ಟೆಯ ಹೊಳಪು ಮಾಸಬೇಕು. ಇದು ಡಬ್ಬಿಯಿಂದ ಈಗಷ್ಟೇ ಇಳಿದಂತೆ ಮಿರಿಮಿರಿ ಮಿಂಚುತ್ತಿತ್ತು. ಯಾವ ಮೀನೂ ಇದನ್ನು ಕಚ್ಚಿರಲಿಲ್ಲ, ಒಂದೇ ಒಂದೂ.

ಹಾಗಾದರೆ ಅಷ್ಟೂ ಮೀನು ಎಲ್ಲಿಂದ ಬಂದವು? ಪೇಟೆಯವರೆಗೆ ನಡೆಯುವ ಶಕ್ತಿ ಅಪ್ಪನಿಗಿರಲಿಲ್ಲ. ಯಾರೋ ಅವನ ಬೆನ್ನ ಹಿಂದೆ ಆಟ ಕಟ್ಟಿದ್ದರು. ಬದುಕೆಲ್ಲ ನೀರು ನೋಡಿದ ಮನುಷ್ಯನನ್ನು ಕೊನೆಗಾಲದಲ್ಲಿ ಮಗುವಿನಂತೆ ಏಮಾರಿಸಿದ್ದರು. ಅವಳಿಗೆ ಅಳು ಬರಲಿಲ್ಲ, ಮೈ ಉರಿಯಿತು.

ಬೆಳಗಾಗುತ್ತಲೇ ಗಂಟನ್ನು ಕಂಕುಳಿಗೇರಿಸಿ ನೇರ ತೂಬಿಗೆ ನಡೆದಳು.

“ಅಪ್ಪನಿಗೆ ಮೀನು ತಂದು ಹಾಕ್ತಿದ್ದಿದ್ದು ನೀನೇನಾ ತಾತ?”

“ನನಗೆಲ್ಲಿಂದ ಬರ್ಬೇಕು ತಾಯಿ? ನಾನು ಮೀನು ತಿನ್ನೋದು ಕನಸಲ್ಲಿ.”

“ಮತ್ಯಾರು?”

“ಮಾತು ಕೊಟ್ಬಿಟ್ಟಿದೀನಿ. ನುಂಗೋಕೂ ಆಗ್ದು, ಉಗುಳೋಕೂ ಆಗ್ದು. ಅದಕ್ಕೇ ರಾತ್ರಿ, ನಿಮ್ಮಪ್ಪ ಇಲ್ಲೇ ಬಿಟ್ಟಿದ್ದ ಚೀಲ ಕೊಟ್ಟು ಹಾಗೇ ಬಂದೆ.” ಅವನ ಕಣ್ಣು ಗಂಟಿನ ಮೇಲೆ ಬಿತ್ತು. “ಇದೇನು?”

“ಮನೆ ಬಿಟ್ಟೆ. ಅಪ್ಪನ ಹತ್ರ ಒಂದು ಮಾತಾಡ್ದೆ ಕಳಿಸ್ಕೊಟ್ಟೋನ ಜೊತೆ ನಾನಿರಲ್ಲ.”

ತಾತ ಬೀಡಿಯನ್ನು ಕಲ್ಲಿಗೆ ಉಜ್ಜಿ ಆರಿಸಿದ.

“ಸಂಜೆ ಹೊತ್ತು ಒಬ್ಬ ಬರ್ತಿದ್ದ. ಒದ್ದೆ ಬಟ್ಟೇಲಿ ಮೀನು ಸುತ್ಕೊಂಡು. ಅದರ ತುಟಿಗೆ ಇಲ್ಲೇ ಕೂತು ಗಾಳ ಚುಚ್ಚಿ, ನಿಮ್ಮಪ್ಪ ನೀರಲ್ಲಿ ಇಳಿಬಿಟ್ಟಿದ್ದ ಜಾಲರಿ ಚೀಲಕ್ಕೆ ಸದ್ದಿಲ್ದೆ ಇಳಿಸಿ ಹೋಗ್ತಿದ್ದ. ಅವನ ಹೆಜ್ಜೆ ಕೇಳಿದ್ರೆ ಸಾಕು, ನಿಮ್ಮಪ್ಪ ಕಣ್ಣು ಮುಚ್ತಿದ್ದ. ಗೊರಕೆ ಬೇರೆ! ಅಂಥ ಕಳ್ಳ ಗೊರಕೆ ನಾನು ಜನ್ಮದಲ್ಲಿ ಕೇಳಿಲ್ಲ.”

“ಅಪ್ಪನಿಗೆ ಗೊತ್ತಿತ್ತಾ?”

“ಗೊತ್ತಿಲ್ದೆ? ಕಣ್ಣು ಮುಚ್ಚೋ ಮುಂಚೆ ಲೋಟಕ್ಕೆ ಚಹಾ ಬಗ್ಗಿಸಿ ಕಟ್ಟೆ ಮೇಲೆ ಇಡ್ತಿದ್ದ. ಬಂದೋನು ಕುಡ್ದು, ತೊಳ್ದು, ಬೋರಲು ಹಾಕಿ ಹೋಗ್ತಿದ್ದ. ಒಂದಿನ ಅವನು ತಡ ಮಾಡ್ದ. ನಿಮ್ಮಪ್ಪ ಆರಿದ್ದನ್ನ ಚೆಲ್ಲಿ, ಬಿಸಿದು ಬಗ್ಗಿಸಿಟ್ಟು, ಮತ್ತೆ ಗೊರಕೆ ಶುರು ಮಾಡ್ದ. ಇಷ್ಟೇ ತಾಯಿ. ಬಾಯಿ ಬಿಟ್ಟು ಇಬ್ರೂ ಒಂದು ಮಾತಾಡ್ಲಿಲ್ಲ.”

ಗಂಟು ಕಂಕುಳಿಂದ ಜಾರಿ ಕಟ್ಟೆಯ ಮೇಲೆ ಬಿತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

“ಯಾರು ತಾತ ಅವನು?”

“ನಿನ್ನ ಗಂಡ.”