ಅವ್ವನ ಹಾಡುಗಳಿದ್ದ ಡಿಸ್ಕು

ಸಿಂದಗಿಯ ಶಿಕ್ಷಕಿ ವಿದ್ಯಾವತಿ, ತೀರಿಹೋದ ತಾಯಿಯ ದನಿಯಲ್ಲಿದ್ದ ಬೀಸುಕಲ್ಲಿನ ಹಾಡುಗಳನ್ನು ವಿಂಡೋಸ್ ೯೮ರ ಹಳೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದಳು. ರಿಪೇರಿಗೆ ಬಂದ ಜಾಹಿದ ಹೊಸ ವಿಂಡೋಸ್ ಹಾಕಿ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಫೈಲ್ ಸಿಸ್ಟಮ್ ಬದಲಿಸುವ ಮುಂಚೆ ಕೇಳಿದ.

“ಅಕ್ಕಾರ, ಹಾಡಿನ ಕಾಪಿ ಬ್ಯಾರೆ ಐತೇನ್ರಿ? ನಡುವ ಕರೆಂಟ್ ಹೋದ್ರ ಕಷ್ಟ ಐತ್ರಿ. ನಾಳಿ ಸಿಡಿ ತಂದು ಮೊದ್ಲ ಕಾಪಿ ಮಾಡ್ಕೊಂಡು ಆಮ್ಯಾಲ ಇದನ್ನ ಮಾಡ್ತೇನ್ರಿ.”

“ಈ ವಾರ ಕರೆಂಟ್ ಹೋಗಿಲ್ಲ. ಇವತ್ತ ಮುಗಿಸಿಬಿಡಪಾ.”

ಕೆಲಸ ನೂರಕ್ಕೆ ನಲವತ್ತು ದಾಟಿದಾಗ ಫ್ಯಾನು ಒಮ್ಮೆ ನಿಧಾನವಾಗಿ, ಮತ್ತೆ ಜೋರಾಗಿ ತಿರುಗಿತು. ಇಬ್ಬರೂ ಮೇಲೆ ನೋಡಿದರು. ಅಷ್ಟರಲ್ಲಿ ಕರೆಂಟ್ ಹೋಗಿ ಪರದೆ ಕಪ್ಪಾಯಿತು.

ಸಂಜೆ ಕರೆಂಟ್ ಬಂದಾಗ ಹಾಡುಗಳ ಹೆಸರಿದ್ದಲ್ಲಿ ಬರೀ ನಂಬರುಗಳಿದ್ದವು. ಜಾಹಿದ ಒಂದನ್ನು ತೆರೆದ. ತಾಯಿಯ ದನಿ ಎರಡು ಸಾಲು ಹಾಡಿ ಮೂರನೆಯದರ ನಡುವೆ ನಿಂತಿತು. ಉಳಿದವುಗಳಲ್ಲಿ ದನಿಯೇ ಇರಲಿಲ್ಲ.

“ನಮ್ಮವ್ವ ಹಾಡು ಅರ್ಧಕ್ಕ ಬಿಡಾಕಿ ಅಲ್ಲ,” ಎಂದಳು ವಿದ್ಯಾವತಿ. “ಇನ್ನೊಮ್ಮಿ ಹಚ್ಚು.”

ಜಾಹಿದ ಹಚ್ಚಿದ. ಈ ಸಲ ಅದೂ ತೆರೆಯಲಿಲ್ಲ.