ದೋಣಿಗೆ ಹೊಡೆದ ಲಾಳ

ಬಂಡುವಿಗೆ ಈಜು ಬರುತ್ತಿರಲಿಲ್ಲ. ಆದರೂ ಭಾವ ಮುಕುಂದನನ್ನು ನಂಬಿ ಕಮಲಾಪುರದ ಕೆರೆಯಲ್ಲಿ ವಿಹಾರಕ್ಕೆಂದು ದೋಣಿ ಹತ್ತಿದ. ಮುಕುಂದ ಕಲಬುರಗಿಯಲ್ಲಿ ನಿಜಾಮರ ಮೋಜಣಿ ಕಚೇರಿಯ ನೌಕರ. ಹಗ್ಗ ಇಳಿಬಿಟ್ಟು ಕೆರೆಯ ಆಳ ಅಳೆದು, ನೀರಡಿಯ ಬಂಡೆಗಳನ್ನೆಲ್ಲ ಗುರುತಿಸಿ ನಕ್ಷೆ ಬರೆದಿದ್ದ. ಹೊಸ ದೋಣಿಗೆ ದೃಷ್ಟಿ ತಾಗದಿರಲೆಂದು ಅವನ ಹೆಂಡತಿ, ಬಂಡುವಿನ ಅಕ್ಕ ಅನಸೂಯಾಬಾಯಿ ಹಿಂದಿನ ದಿನವಷ್ಟೇ ಅದರಲ್ಲಿದ್ದ ದಿಕ್ಸೂಚಿಯ ಬಲಕ್ಕೆ ಕುದುರೆಯ ಲಾಳವೊಂದನ್ನು ಹೊಡೆಸಿದ್ದಳು.

ನಡುಗೆರೆಯಲ್ಲಿ ಮಂಜು ಕವಿಯಿತು. ನಕ್ಷೆಯ ಪ್ರಕಾರ ಉತ್ತರಕ್ಕೆ ದಂಡೆ, ಪೂರ್ವಕ್ಕೆ ಬಂಡೆ. ಮುಕುಂದ ದಿಕ್ಸೂಚಿಯ ಮುಳ್ಳು ತೋರಿದ ಉತ್ತರಕ್ಕೆ ಹುಟ್ಟು ಹಾಕಿದ.

“ಭಾವಾ, ಬಟ್ಟಿ ಒಗಿಯೋ ಸಪ್ಪಳ ಎಡಕ್ಕ ಕೇಳಾಕತ್ತದ. ದಂಡಿ ಅತ್ಲಾಗ ಅದ,” ಎಂದ ಬಂಡು.

“ಒಗ್ಯಾಣದ ಸಪ್ಪಳ ಕೇಳಿ ದೋಣಿ ನಡಸ್ಲೇನು? ಸುಮ್ನ ಕೂಡೋ ಅಂಜುಬುರುಕ!”

ಬಂಡು ನಕ್ಕು ದೋಣಿಯ ಅಂಚು ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ದೋಣಿಯ ತಳ ಬಂಡೆಗೆ ಬಡಿದು ಸೀಳಿತು. ಲಾಳದ ಕಬ್ಬಿಣ ಮುಳ್ಳನ್ನು ಪೂರ್ವಕ್ಕೆ ಎಳೆದಿತ್ತೆಂದು ಮುಕುಂದನಿಗೆ ಆಗ ಹೊಳೆಯಿತು. ದೋಣಿ ಮಗುಚಿತು. ಮುಕುಂದ ಬಂಡೆಗೆ ಜೋತುಬಿದ್ದು ಬಂಡುವಿನ ಅಂಗಿ ಹಿಡಿದ; ಅದು ಹರಿದು ತೋಳಷ್ಟೇ ಕೈಯಲ್ಲಿ ಉಳಿಯಿತು.

ಸಂಜೆ ಬೆಸ್ತರು ಹೆಣ ಎತ್ತಿದರು. ಹೋದದ್ದು ಒಂದು ದೋಣಿ, ಒಂದು ದಿಕ್ಸೂಚಿ, ಇಪ್ಪತ್ತು ವರ್ಷದ ಒಬ್ಬ ಹುಡುಗ.