ಮುಸುವನ ಗುಡಿಗೆ ಇಟ್ಟಂಗಿ

"ಏ ಬಾಡ್ಯಾ, ಆ ಕಡಿ ಸರದು ಅಗಿ. ನಿನ್ನ ನೆಳ್ಳು ಹಣಮಪ್ಪನ ಮ್ಯಾಲ ಬೀಳಾಕತ್ತದ."

ಗೌಡ ಜಗದೇವಪ್ಪ ಗದರಿದ. ಕುಣಿ ತೋಡುತ್ತಿದ್ದ ಹೊಲಗೇರಿಯ ಭಗವಂತ ಎಡಕ್ಕೆ ಸರಿದ, ನೆರಳೂ ಸರಿಯಿತು. ನೆರಳು ಎತ್ತ ಬೀಳುತ್ತದೆಂದು ನೋಡಿಕೊಂಡು ಹಾರೆ ಹಾಕುವ ವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದಿತ್ತು. ಬೇರೆ ವಿದ್ಯೆ ಕಲಿಯಲು ಸಾಲಿಯ ಮಾಸ್ತರ ಒಳಗೆ ಬಿಟ್ಟಿರಲಿಲ್ಲ.

ಹಣಮಪ್ಪ ಎಂದರೆ ಒಂದು ಹೆಣ್ಣು ಮುಸುವ. ಮುಂಜಾನೆ ಪಂಪಸೆಟ್ಟಿನ ತಂತಿಗೆ ಸಿಕ್ಕು ಸತ್ತಿತ್ತು. ಈಗ ಹೊಸ ಧೋತರ ಹೊದ್ದು, ಮೈತುಂಬ ಕುಂಕುಮ ಬಳಿಸಿಕೊಂಡು ಕುರ್ಚಿಯ ಮೇಲೆ ಕೂತಿತ್ತು. ಮಟಕಿ ಎಂಬ ಆ ಊರಲ್ಲಿ ಮಂಗ ಸತ್ತರೆ ಹಾಗೆಯೇ. ಕುರ್ಚಿಯಲ್ಲಿ ಕೂಡಿಸಿ, ಭಜನೆ ಮಾಡುತ್ತ ಊರೆಲ್ಲ ಮೆರೆಸಿ ಮಣ್ಣು ಕೊಡುವುದು. ಗೌಡರ ಮನೆಯ ಕುರ್ಚಿಯನ್ನು ಭಗವಂತ ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದರಲ್ಲಿ ಕೂಡಬೇಕೆಂದರೆ ಸತ್ತರಷ್ಟೇ ಸಾಲದು, ಬಾಲವೂ ಬೇಕು ಎಂದುಕೊಂಡು ಒಳಗೊಳಗೇ ನಕ್ಕ.

ಆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. ಮುಸುವ ತಂತಿಗೆ ಯಾಕೆ ಹೋಯಿತೆಂದು ಅವನಿಗೆ ಗೊತ್ತಿತ್ತು. ಹಳ್ಳದ ದಂಡೆಯ ಹುಣಸೆ ತೋಪನ್ನು ಗೌಡ ಆಳಂದದ ಇಟ್ಟಂಗಿ ಭಟ್ಟಿಯವರಿಗೆ ಮಾರಿದ್ದ. ಕಡಿದವರು ಭಗವಂತ ಮತ್ತು ಅವನ ಜೋಡಿಕಾರ ಗುಡುಸಾಬ. ಟೊಂಗೆಯಿಂದ ಟೊಂಗೆಗೆ ಜಿಗಿದು ಹಳ್ಳ ದಾಟುತ್ತಿದ್ದ ಹಿಂಡಿಗೆ ಈಗ ಅಲ್ಲಿ ತಂತಿ ಮಾತ್ರ ಉಳಿದಿತ್ತು. ಮರ ಕಡಿದ ಕೂಲಿ ತಿಂದವನೂ ತಾನೇ, ಕುಣಿ ತೋಡಿದ ಕೂಲಿ ತಿನ್ನುವವನೂ ತಾನೇ. ಬಡ ಮುಸುವಗಳ ದೆಸೆಯಿಂದ ತನ್ನ ಮನೆಯ ಒಲೆ ಎರಡು ಸಲ ಉರಿಯಿತಲ್ಲ ಎಂದು ಭಗವಂತನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತೋಪಿನಲ್ಲಿ ಉಳಿದದ್ದು ಒಂದೇ ಮರ, ಕುಣಿಯ ಪಕ್ಕದ ದೊಡ್ಡ ಹುಣಸೆ. ಹಿಂಡಿನಲ್ಲಿ ಉಳಿದವೆಲ್ಲ ಅದರ ತುದಿಗೆ ಸೇರಿದ್ದವು. ತಾಯಿ ಸತ್ತ ಮರಿಯನ್ನು ಇನ್ನೊಂದು ಹೆಣ್ಣು ಎದೆಗವಚಿಕೊಂಡು ಕೆಳಗಿನ ಭಜನೆ ನೋಡುತ್ತಿತ್ತು. ಈ ಮರವೂ ಹೋದರೆ ಅವಕ್ಕೆ ತಂತಿಯೇ ಗತಿ.

ಆಳಂದದ ಬಟ್ಟೆ ಅಂಗಡಿಯ ದೌಲತರಾಯ, ಪ್ರಾಣಿದಯಾ ಸಂಘದ ಅಧ್ಯಕ್ಷನೆಂದು ಜೀಪಿನಲ್ಲಿ ಬಂದಿದ್ದ. ಮುಸುವಕ್ಕೊಂದು, ಗೌಡನಿಗೊಂದು ಹಾರ ಹಾಕಿ ಭಾಷಣ ಮಾಡಿದ. ಮಂಗಗಳ ಕುಲವೇ ಕಡಿಮೆಯಾಗುತ್ತಿದೆ, ಗೌಡರಂಥ ಧರ್ಮವಂತರಿಂದ ಅಷ್ಟಿಷ್ಟು ಉಳಿದಿದೆ, ಕೊಡಲಿ ಹಿಡಿದ ಇಂಥ ಜನರಿಂದ ಕಾಡು ಹಾಳಾಯಿತು ಎಂದ. ಇಂಥ ಜನ ಎನ್ನುವಾಗ ಅವನ ಬೊಟ್ಟು ಕುಣಿಯೊಳಗಿದ್ದ ಭಗವಂತನ ಕಡೆಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ರೂಢಿಯ ಮೇಲೆ ಭಗವಂತನೂ ಮಣ್ಣುಗೈಯಲ್ಲಿ ತಟ್ಟಿದ. ಕುಣಿಯ ದಂಡೆಯಲ್ಲಿದ್ದ ಗುಡುಸಾಬ ಕಣ್ಣು ಕಿಸಿದು ನೋಡಿದ ಮೇಲೆ ನಿಲ್ಲಿಸಿದ.

ಮಣ್ಣು ಮುಚ್ಚಿದ ಮೇಲೆ, ಅಲ್ಲಿಯೇ ಹಣಮಪ್ಪನ ಗುಡಿ ಕಟ್ಟಿಸುವುದಾಗಿ ಗೌಡ ಸಾರಿದ. ಜನ ಕೈಮುಗಿದರು. ಗೌಡ ಭಗವಂತನ ಕಡೆ ತಿರುಗಿದ.

"ಗುಡಿಗಿ ಇಟ್ಟಂಗಿ ಸುಡಬೇಕು. ಈ ಹುಣಚಿ ಗಿಡಾ ಈಗೇ ಕಡೀಲೇ ಭಗ್ಯಾ. ಗುಡಿಗಿ ಅಡ್ಡ ಬರೋದೂ ತಪ್ತದ, ಭಟ್ಟಿಗಿ ಕಟಗಿನೂ ಆಗ್ತದ."

"ಗಿಡದಾಗ ಅವರ ಮಂದಿ ಅದಾರ್ರಿ ಯಪ್ಪಾ."

"ಯಾರ ಮಂದಿಲೇ?"

"ಹಣಮಪ್ಪನ ಮಂದಿ."

"ಬೋಳಿಮಗನ, ನನಗ ಶಾಣೇತನ ಹೇಳ್ತಿ? ಏರು."

ಅಂಥ ದೊಡ್ಡ ಮರವನ್ನು ಮೊದಲು ಮೇಲಿನಿಂದ ಸವರಬೇಕು, ಬುಡಕ್ಕೆ ಕೊಡಲಿ ಹಾಕುವುದು ಆಮೇಲೆ. ಆದ್ದರಿಂದ ಭಗವಂತ ಸೊಂಟಕ್ಕೆ ಕೊಡಲಿ ಕಟ್ಟಿಕೊಂಡು ಏರಿದ್ದು ಯಾರಿಗೂ ಸೋಜಿಗವೆನಿಸಲಿಲ್ಲ. ಮುಸುವಗಳು ಹಲ್ಲು ಕಿರಿದು ಇನ್ನೂ ಮೇಲಕ್ಕೆ ಹೋದವು. ಈ ಮರ ಕಡಿಯುವವನ ಗುರುತು ಅವಕ್ಕೆ ಚೆನ್ನಾಗಿತ್ತು. ಭಗವಂತ ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತ. ಸೊಂಟದ ಕೊಡಲಿ ಬಿಚ್ಚಿ ಕೆಳಗೆ ಒಗೆದ. ತಾನೇನು ಮಾಡಿದೆನೆಂಬುದು ಕೊಡಲಿ ನೆಲಕ್ಕೆ ಬಿದ್ದ ಮೇಲೆಯೇ ಅವನಿಗೆ ತಿಳಿಯಿತು. ಇಳಿದು ಎತ್ತಿಕೊಂಡು ಬರಲೆಂದು ಕೆಳಗಿನ ಟೊಂಗೆಗೆ ಒಂದು ಕಾಲನ್ನೂ ಚಾಚಿದ. ಬಂಡೆದ್ದ ಗಂಡಸು ಹೀಗಾ ಮಾಡುವುದು ಎಂದು ನಾಚಿಕೆಯಾಗಿ ಮತ್ತೆ ಎಳೆದುಕೊಂಡ.

"ಇಳೀಲೇ ಮಂಗ್ಯಾ," ಎಂದ ಗೌಡ.

"ಇಳಿಯಾಂಗಿಲ್ರಿ. ಇಷ್ಟು ದಿನ ಮನಷ್ಯಾ ಅಂತ ಯಾರೂ ಅನಲಿಲ್ಲ. ಈಗ ಮಂಗ್ಯಾ ಅಂದೀರಿ, ಮಂಗ್ಯಾಗ ಕೊಟ್ಟಷ್ಟರೆ ಮರ್ಯಾದಿ ಕೊಡ್ರಿ."

ಭಜನೆಯವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೌಲತರಾಯ ಊಟದ ಹೊತ್ತಾಯಿತೆಂದು ಜೀಪು ಹತ್ತಿದ. ಬುಡ ಕಡಿಯೆಂದು ಗೌಡ ಗುಡುಸಾಬನಿಗೆ ಹೇಳಿದ. ಮೇಲೆ ಆಳಿರುವಾಗ ಬುಡಕ್ಕೆ ಕೊಡಲಿ ಹಾಕುವ ಪದ್ಧತಿ ತಮ್ಮಲ್ಲಿಲ್ಲ ಎಂದು ಗುಡುಸಾಬ ಕೂತಲ್ಲೇ ಬೀಡಿ ಹಚ್ಚಿದ.

ಗೌಡ ತಾನೇ ಕೊಡಲಿ ಎತ್ತಿಕೊಂಡ. ಹುಟ್ಟಿದಾಗಿನಿಂದ ಅದನ್ನು ಹಿಡಿದವನಲ್ಲ. ನೆಟ್ಟಗೆ ಹೊಡೆದ. ಕೊಡಲಿ ಪುಟಿದು ಬಂದು ಮೊಣಕಾಲು ಸ್ವಲ್ಪದರಲ್ಲಿ ಉಳಿಯಿತು. ಓರೆ ಹೊಡೀರಿ ಗೌಡ್ರ ಎಂದು ಹೇಳಲು ಭಗವಂತ ಮೇಲಿನಿಂದ ಬಾಯಿ ತೆರೆದೇ ಬಿಟ್ಟಿದ್ದ. ತಾನು ಕೂತ ಮರವನ್ನು ಕಡಿಯುವ ಬಗೆಯನ್ನೂ ಧಣಿಗೆ ಕಲಿಸಹೊರಟ ತನ್ನ ಹಾಳು ಬುದ್ಧಿಗೆ ಅವನಿಗೆ ಅಳುವೂ ನಗೆಯೂ ಒಟ್ಟಿಗೇ ಬಂದವು. ತುಟಿ ಕಚ್ಚಿ ಹಿಡಿದ.

ಎರಡನೆಯ ಏಟೂ ನೆಟ್ಟಗೇ ಬಿತ್ತು. ಮರ ಅದುರಿತು, ತುದಿಯಲ್ಲಿ ಮರಿ ಕಿರುಚಿತು. ಭಗವಂತ ಟೊಂಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡ. ಓರೆ ಹೊಡೀರಿ ಎಂದು ಬಾಯಿ ಮಾತ್ರ ಬಿಡಲಿಲ್ಲ.